ಬನ್ನಿ ಮುಡಿಯದ ವರ್ಷ

ನಸುಕಿನ ನಾಲ್ಕೂವರೆಗೆ ರಾಸ್ ಅಲ್ ಖೈಮಾ ಬಿಟ್ಟಾಗ
ದಾವಲಸಾಬನ ಪಿಕಪ್ಪಿನಲ್ಲಿ ನಾಲ್ಕು ಜನ, ಹದಿನೆಂಟು ಲೀಟರ್ ನೀರು,
ನೀಲಗಂಗಾ ಸಿಸ್ಟರ್ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಅವಳ ಏಳು ವರ್ಷದ ಪಾರ್ಶ್ವ, ನಿದ್ದೆಗಣ್ಣು.

ರೂಮಿನ ತಿಪ್ಪೇಸ್ವಾಮಿಗೆ ಚೀಟಿ ಬರೆದಿಟ್ಟಿದ್ದೆವು:
ಯಾವ ವಾದಿ, ಯಾವ ದಾರಿ, ಎಷ್ಟು ಮಂದಿ,
ಹತ್ತಕ್ಕೆ ವಾಪಸ್.
"ಬರದಿದ್ದರೆ?" ಅಂದ.
"ಹುಡುಕಿಸು" ಅಂದ ದಾವಲಸಾಬ, ನಗದೆ.
ಎರಡು ವರ್ಷದ ಹಿಂದೆ ಇಂಥದೇ ಕಲ್ಲುಗಳ ನಡುವೆ
ಸುಮ್ಮನೆ ಒಂದು ತಾಸು ಅಂತ ಹೋಗಿ
ಒಂದೇ ಬಾಟಲಿಯಲ್ಲಿ ಸಂಜೆ ಮಾಡಿದವನು ಅವನು.
ಆಮೇಲೆ ಮೂರು ದಿನ ಮೂತ್ರ ಚಹದ ಬಣ್ಣ.
ಇದನ್ನು ಎಲ್ಲರಿಗೂ ಹೇಳುತ್ತಾನೆ, ಊಟದ ಹೊತ್ತಿನಲ್ಲೂ.

ನಾವು ಹೊರಟದ್ದು ಒಂದು ಮರ ನೋಡಲು.
ಇಲ್ಲಿಯವರು ಗಾಫ್ ಅನ್ನುತ್ತಾರೆ.
ಅದೇ ಸಣ್ಣ ಎಲೆ, ಅದೇ ಮುಳ್ಳು, ಅದೇ ಜೋತ ಟೊಂಗೆ:
ನಮ್ಮ ಬನ್ನಿ.
ಯಾವ ಏಜೆಂಟನಿಗೂ ದುಡ್ಡು ಕೊಡದೆ, ವೀಸಾ ಇಲ್ಲದೆ,
ನಮಗಿಂತ ಮೊದಲೇ ಬಂದು ನಿಂತದ್ದು.

ನಿಜ ಹೇಳಬೇಕೆಂದರೆ ಹೋದ ದಸರೆಗೆ ನಾನೇ ಮುರಿದಿದ್ದೆ.
ಸಿಮೆಂಟ್ ಯಾರ್ಡಿನ ಗೋಡೆಯಾಚೆ, ರಾತ್ರಿ,
ಮೊಬೈಲ್ ಬೆಳಕಿನಲ್ಲಿ, ತೋಳುದ್ದದ ಟೊಂಗೆ.
ಕ್ಯಾಂಪಿನಲ್ಲಿ ಹಂಚಿದೆವು, ಅಪ್ಪಿಕೊಂಡೆವು.
ಬೆಳಿಗ್ಗೆ ಬಸ್ಸಿನಿಂದ ಆ ಬಿಳಿ ಗಾಯ ಕಂಡಿತು.
ಇಡೀ ಚಳಿಗಾಲ ಕಾಣುತ್ತಿತ್ತು.
ನಾನು ಬಲಗಡೆ ಕೂರುವುದನ್ನೇ ಬಿಟ್ಟೆ.

ಈ ಮರದ ಕೆಳಗೆ ಮುದುಕ ಖಲ್ಫಾನ್, ಅವನ ಮೇಕೆಗಳು.
ಕೈಯಲ್ಲಿ ಕೋಲು,
ಕೋಲಿನ ತುದಿಗೆ ಗುಬ್ಬಿಯಷ್ಟು ಕೊಡಲಿ.
ದಾವಲಸಾಬ ಸಲಾಂ ಹೇಳಿದ, ಕುಶಲ ಕೇಳಿದ,
ಮೇಕೆಗಳ ಕುಶಲವನ್ನೂ ಕೇಳಿದ,
ಆಮೇಲೆ ಮೆಲ್ಲಗೆ: ನಾಲ್ಕು ಎಲೆ?
ಮುದುಕ ಟೊಂಗೆ ನೋಡಿದ, ಕೊಡಲಿ ನೋಡಿದ.
"ಇದು ನನ್ನ ಕೈಗೆ ಬಂದು ಅರವತ್ತು ವರ್ಷ.
ಮರ ಅದಕ್ಕೂ ಹಳೆಯದು.
ಇವೆರಡಕ್ಕೂ ನಾನು ಪರಿಚಯ ಮಾಡಿಸಿಲ್ಲ."

ಪಾರ್ಶ್ವನ ಮುಖ ಸಣ್ಣದಾಯಿತು.
ಗದಗಿನ ಅಜ್ಜಿಗೆ ವಿಡಿಯೋದಲ್ಲಿ ಬಂಗಾರ ತೋರಿಸುತ್ತೇನೆ ಅಂದಿದ್ದ.
ಮುಟ್ಟಬಹುದಾ ಅಂತ ಕೇಳಿದ.
ಕಾಂಡಕ್ಕೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ,
ಜ್ವರ ನೋಡುವಾಗ ಅವನ ಅವ್ವ ನಿಲ್ಲುವ ಹಾಗೆ.

ಮುಂದೆ ವಾದಿಯೊಳಗೆ ನಡೆಯುವುದಿತ್ತು, ನೀರಿನ ಮಡುವಿನವರೆಗೆ.
ತಲೆಯ ಮೇಲೆ ಒಣ ನೀಲಿ.
ಆದರೆ ಮೇಕೆಗಳು ಯಾರೂ ಕರೆಯದೆ
ಒಂದೊಂದಾಗಿ ದಿಬ್ಬ ಹತ್ತತೊಡಗಿದವು.
ದೂರದ ಬೆಟ್ಟದ ಬೆನ್ನಿನ ಕಡೆ ಗದ್ದ ಎತ್ತಿದ ಖಲ್ಫಾನ್:
ಅಲ್ಲೊಂದು ಬೂದಿಯ ಗೆರೆ.
"ಇವತ್ತು ಒಳಗೆ ಬೇಡ."
ಮೂರು ತಿಂಗಳು ಕಾದು ಪಡೆದ ರಜೆ. ನನಗೆ ಸಿಟ್ಟು ಬಂತು.
ನೀಲಗಂಗಾ ಆಗಲೇ ರೊಟ್ಟಿ ಗಂಟು ಹೊತ್ತು ಮೇಕೆಗಳ ಹಿಂದೆ.

ಒಂದು ತಾಸಿನ ಮೇಲೆ ಬಂತು.
ಮೊದಲು ಸದ್ದು, ಕಲ್ಲುಗಳು ಹಲ್ಲು ಕಡಿದಂತೆ;
ಹಿಂದೆಯೇ ಕಂದು ನೀರು, ಅದರ ತಲೆಯ ಮೇಲೆ
ಬಾಟಲಿ, ಇದ್ದಿಲ ಚೀಲ, ಒಂದು ಮಡಿಚುವ ಕುರ್ಚಿ,
ಯಾರ್ಯಾರದೋ ಪಿಕ್ನಿಕ್ಕುಗಳೆಲ್ಲ ಮೆರವಣಿಗೆ ಹೊರಟಂತೆ.
ನಾವು ನಡೆಯಬೇಕಿದ್ದ ದಾರಿ ಅದು.
ಯಾರೂ ಮಾತಾಡಲಿಲ್ಲ.
ಮರ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇತ್ತು.

ನೀರಿಳಿಯಲಿ ಎಂದು ಕಾಯುವಾಗ
ಖಲ್ಫಾನ್ ಖರ್ಜೂರದ ಡಬ್ಬಿ ತೆರೆದ.
ಪಾರ್ಶ್ವ ಒಂದು ತೆಗೆದುಕೊಂಡ, ತಿನ್ನಲಿಲ್ಲ,
ಎರಡೂ ಕೈಯಲ್ಲಿ ಅವನಿಗೇ ತಿರುಗಿ ಕೊಟ್ಟ:
"ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು, ಅಜ್ಜಾ."
ಆಮೇಲೆ ನಮ್ಮೆಲ್ಲರ ಅಂಗೈ ಅಂಟು ಅಂಟು.
ಕಾಲು ಮುಟ್ಟಲು ಬಗ್ಗಿದ ಹುಡುಗನನ್ನು ಎತ್ತಿ
ಮೂಗಿಗೆ ಮೂಗು ತಾಗಿಸಿದ ಮುದುಕ.

ಕೆಸರಿನಿಂದ ಆರಿಸಿದ್ದು ಮೂರು ಚೀಲ. ಕುರ್ಚಿಯನ್ನೂ ಬಿಡಲಿಲ್ಲ.
ನೆಟ್‌ವರ್ಕ್ ಸಿಕ್ಕಾಗ ಮಧ್ಯಾಹ್ನ ಒಂದೂವರೆ,
ತಿಪ್ಪೇಸ್ವಾಮಿಯ ಮೂವತ್ತೊಂದು ಕರೆ.
ಪೊಲೀಸ್ ಠಾಣೆಯ ಮೆಟ್ಟಿಲ ಮೇಲಿದ್ದ, ಚೀಟಿ ಹಿಡಿದು.
ಅಂಥ ಬೈಗುಳ ಊರು ಬಿಟ್ಟ ಮೇಲೆ ಕೇಳಿರಲಿಲ್ಲ.
ಸ್ಪೀಕರ್ ಹಾಕಿ ಎಲ್ಲರೂ ಕೇಳಿದೆವು,
ಪೂರ್ತಿ.