ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು

ಪಾತ್ರೆ ತೊಳೆದ ಕೈಯನ್ನು ನಂಬಬಾರದು,
ಹಾಸನದ ಬೆಳಗಿನ ನಲ್ಲಿನೀರಲ್ಲಿ ಅದ್ದಿದ ಕೈಗೆ
ಯಾವ ಹಣೆಯೂ ಬಿಸಿಯೇ.
ಕೆನ್ನೆ ಒತ್ತಿದೆ. ಕೆನ್ನೆ ಏನೂ ಹೇಳಲಿಲ್ಲ.
ಮೆಡಿಕಲ್ಲಿನವನು ಕೊಟ್ಟ ಕಡ್ಡಿ ಮಾತ್ರ
ಕಂಕುಳಲ್ಲೇ ಕುಂಯ್ ಅಂದಿತು:
ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು.

ಅತ್ತ ಜ್ವರವೂ ಅಲ್ಲ, ಇತ್ತ ಸುಮ್ಮನೆಯೂ ಅಲ್ಲ.
ನೂರಾದರೂ ಆಗಬಾರದಿತ್ತೇ, ಅನ್ನಿಸಿ
ನಾಲಿಗೆ ಕಚ್ಚಿಕೊಂಡೆ.

ಏಳೂಕಾಲಿಗೆ ಗವೇನಹಳ್ಳಿ ತಿರುವಲ್ಲಿ ಗಾರ್ಮೆಂಟ್ಸ್ ವ್ಯಾನು.
ಒಂದು ರಜೆಗೆ ಒಂದು ದಿನದ ಕೂಲಿ,
ಜೊತೆಗೆ ತಿಂಗಳ ಹಾಜರಿ ಭತ್ಯೆಯೂ ಖೋತಾ.
ಈ ಲೆಕ್ಕ ಬೆರಳಿಗೇ ಬರುತ್ತದೆ, ಕೇಳದಿದ್ದರೂ.

ಇಂಚರ ಆಗಲೇ ಶೂ ಹಾಕಿ ಕೂತಿದ್ದಾಳೆ, ಎಡದ್ದು ಬಲಕ್ಕೆ.
"ಕೆಮ್ಮು ಹೋಯ್ತಮ್ಮ" ಅನ್ನುತ್ತಾ
ಗಂಟಲಲ್ಲೇ ಅದುಮಿಟ್ಟು ಕಣ್ಣು ಕೆಂಪಾಗಿದೆ.
ಇವತ್ತು ಶಾಲೆಯಲ್ಲಿ ಮೊಟ್ಟೆ.

ಆಷಾಢದಲ್ಲೊಮ್ಮೆ ಹೀಗೇ
ಒಂದು ಮುಚ್ಚಳ ಸಿರಪ್ ಕುಡಿಸಿ ಕಳಿಸಿದ್ದೆ.
ಹನ್ನೊಂದಕ್ಕೆ ಔಷಧಿ ಇಳಿಯಿತು, ಜ್ವರ ಏರಿತು.
ಮೇಡಂ ಏಳು ಸಲ ಫೋನು ಮಾಡಿದರಂತೆ;
ಫೋನು ಲಾಕರಿನಲ್ಲಿ.
ನಾನು ದಿಂಬಿನ ಕವರು ಹೊಲಿಯುತ್ತಿದ್ದೆ,
ಯಾರದೋ ಮಗು ತಲೆಯಿಡುವ ದಿಂಬು.
ಇವಳು ನಾಲ್ಕರವರೆಗೆ ಬೆಂಚಿನ ಮೇಲೆ, ಬ್ಯಾಗಿಗೆ ತಲೆಕೊಟ್ಟು.
ಮೂರನೇ ದಿನ ಪಕ್ಕ ಕೂರುವ ಶಮಿತಾಗೂ ಜ್ವರ.
ಅವರಮ್ಮ ನನ್ನನ್ನು ಏನೂ ಅನ್ನಲಿಲ್ಲ.
ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು.
ಮೂರನೆಯದು ಹೊಡೆಯುವುದಿಲ್ಲ, ಗೊತ್ತು.

ಬಗ್ಗಿ ಶೂ ಬಿಚ್ಚಿದೆ. ಮೊದಲು ಬಲಗಾಲಿನ ಎಡದ್ದು.
ಅವಳು ಅಳಲಿಲ್ಲ.
ಬಹಳ ಹೊತ್ತಾದ ಮೇಲೆ, ಗೋಡೆ ಕಡೆ ತಿರುಗಿ ಕೇಳಿದಳು:
ನನ್ನ ಮೊಟ್ಟೆ ಯಾರಿಗೆ ಕೊಡ್ತಾರಮ್ಮ?