ಮಂಗಳವಾರದ ಹಿಮ್ಮಡಿ

ಮಂಗಳವಾರ ಮಂಗಳವಾರ, ಹತ್ತೂಕಾಲು ಗಂಟೆಗೆ,
ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ
ಕ್ಲಿಫ್ ಮಾಡ್ಸ್‌ಲಿಯ ಎಡಗಾಲು
ನನ್ನ ತೊಡೆಯ ಮೇಲೆ.

ಎಂಬತ್ತೊಂದು ವರ್ಷ. ಕಾಲು ಕೆರೆದು ಜಗಳಕ್ಕೆ ಬರುವ ಆಸಾಮಿ;
ಕೆರೆದದ್ದು ಮಾತ್ರ ಆ ಕಾಲಿಗೇ ಗೊತ್ತಾಗುವುದಿಲ್ಲ.
ಚಪ್ಪಲಿಯೊಳಗೆ ಪುಟ್ಟ ಮೊಳೆ ಹೊಕ್ಕು
ಮೂರು ದಿನ ಅದರ ಮೇಲೇ ಓಡಾಡಿದ್ದನಂತೆ,
ಅಂಗಡಿಗೆ, ಪಬ್ಬಿಗೆ, ಹೆಂಡತಿಯ ಗೋರಿಗೆ.
ನೆಲಹಾಸಿನ ಕಲೆ ನೆಕ್ಕುತ್ತಿದ್ದ ನಾಯಿ
ಹೇಳಿತು ಕೊನೆಗೆ.

ಪಟ್ಟಿ ಬಿಚ್ಚುತ್ತೇನೆ. ಮೊದಲು ಮೂಗು, ಆಮೇಲೆ ಕಣ್ಣು.
ಕಾಗದದ ಅಳತೆಪಟ್ಟಿ ಹಿಡಿದು ಬರೆದುಕೊಳ್ಳುತ್ತೇನೆ:
ಉದ್ದ ಮೂವತ್ತೊಂದು ಮಿಲಿಮೀಟರ್, ಅಗಲ ಹತ್ತೊಂಬತ್ತು.
ಹೋದ ವಾರ ಉದ್ದ ಮೂವತ್ತಮೂರಿತ್ತು.
ಒಂದು ರಾಗಿಕಾಳಿನಷ್ಟು ಕ್ಲಿಫ್
ತನಗೇ ವಾಪಸು ಬಂದಿದ್ದಾನೆ.

"ಅದೇನು ಬಳಿಯುತ್ತೀ?"
ಟ್ಯೂಬಿನ ಬೆನ್ನಿನ ಸಣ್ಣಕ್ಷರ ಓದುತ್ತೇನೆ:
ಕಡಲ ಪಾಚಿಯ ಲೋಳೆ, ನೀರು.
ನಗುತ್ತಾನೆ, ಕೆಮ್ಮು ಬರುವವರೆಗೆ.
ನಲವತ್ತು ವರ್ಷ ಬಲೆಯಿಂದ ಕಿತ್ತು ಕಿತ್ತು ಎಸೆದದ್ದು,
ಬೈದು ಎಸೆದದ್ದು,
ಉಗುರಿನ ಸಂದಿಯಿಂದ ಹೆಂಡತಿ ಪಿನ್ನು ಹಾಕಿ ತೆಗೆದದ್ದು,
ಅದಕ್ಕೀಗ ಸರ್ಕಾರ ದುಡ್ಡು ಕೊಡುತ್ತದಾ!

ಗಾಯಕ್ಕೆ ಉಪ್ಪು ಸವರುವುದು ಅಂದರೆ
ನನ್ನ ನುಡಿಯಲ್ಲಿ ಬೈಗುಳ.
ಉಪ್ಪಿನಲ್ಲೇ ಹುಟ್ಟಿ ಬೆಳೆದದ್ದನ್ನು ಸವರುತ್ತಿದ್ದೇನೆ,
ತಣ್ಣಗೆ, ಕಿರುಬೆರಳಿನ ಅಗಲ, ಅಂಚು ಮೀರದ ಹಾಗೆ.
ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ
ನಿಲ್ಲುತ್ತದಲ್ಲ ಒಂದು ಪೊರೆ, ಅಂಥದ್ದು.
ನಿಜ ಹೇಳಬೇಕೆಂದರೆ ಅದು ಹೆಚ್ಚೇನೂ ಮಾಡುವುದಿಲ್ಲ.
ಒಣಗಲು ಬಿಡುವುದಿಲ್ಲ, ಅಷ್ಟೇ.
ಉಳಿದ ಕೆಲಸ ಚರ್ಮದ್ದು;
ದಂಡೆಯಿಂದ ದಂಡೆಗೆ ಅದೇ ತೆವಳಿ ಬರಬೇಕು
ರಾತ್ರಿ, ಯಾರೂ ನೋಡದಾಗ.
ಅವನು ಕದ್ದು ತಿಂದ ಜಾಮಿನ ಬನ್ನು ಅದಕ್ಕೂ ಗೊತ್ತು.
ಟೀಪಾಯಿಯ ಮೇಲಿನ ಸಕ್ಕರೆ ಪುಡಿ ನನಗೂ ಕಂಡಿದೆ.
ಬರೆದುಕೊಳ್ಳಲಿಲ್ಲ.

ಕೊನೆಗೆ ಪರೀಕ್ಷೆ. ನೈಲಾನಿನ ಒಂದೆಳೆ.
"ಇದು ಗಾಳದ ದಾರ," ಅನ್ನುತ್ತಾನೆ ಪ್ರತಿ ಸಲ.
ಕಣ್ಣು ಮುಚ್ಚಿ. ತಾಗಿದಾಗ ಹೇಳಿ.

ಮುಚ್ಚುತ್ತಾನೆ. ರೆಪ್ಪೆ ಅದುರುತ್ತದೆ.
ಹೊರಗೆ ಯಾರದೋ ಚಿಪ್ಸಿಗೆ ಕಡಲಹಕ್ಕಿಗಳ ಕಿತ್ತಾಟ.
"ಈಗ!" ಅನ್ನುತ್ತಾನೆ, ಗೆದ್ದವನ ಹಾಗೆ.

ದಾರ ಇನ್ನೂ ನನ್ನ ಬೆರಳಲ್ಲೇ ಇದೆ,
ಗಾಳಿಯಲ್ಲಿ.