ಎಂಟಾಣೆ ಉಪ್ಪು

ಬೆಳಿಗ್ಗೆ ಐದೂಕಾಲು. ಕೆಮ್ಮಣ್ಣಿನ ದಕ್ಕೆಯಲ್ಲಿ
ಶೀನ ಕಾಂಚನ್ನರು ನನ್ನ ಮುಖ ನೋಡುವುದಿಲ್ಲ,
ಸಂಬಳ ಕೂಡಿಟ್ಟು ತಂದ ಜಪಾನಿನ ರೀಲನ್ನೂ ನೋಡುವುದಿಲ್ಲ.
ಬಗ್ಗಿ, ತೋರುಬೆರಳು ಹೊಳೆಗೆ ಅದ್ದಿ
ನಾಲಿಗೆಗೆ ಮುಟ್ಟಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು
"ಮೂರಾಣೆ" ಅನ್ನುತ್ತಾರೆ.

ಹದಿನಾರಾಣೆ ಅಂದರೆ ಅಳಿವೆಯಾಚೆಯ ಕಡಲು.
ಸೊನ್ನೆ ಅಂದರೆ ನಿನ್ನೆ ಹೆಬ್ರಿ ಕಡೆ ಬಿದ್ದ ಮಳೆ.
ನಡುವಿನದ್ದೆಲ್ಲ ಅವರ ಕಸುಬು.
ಕೆಂಬೇರಿ ಬಾಯಿ ತೆರೆಯುವುದು ಎಂಟಾಣೆಗೆ.
ಏಳಕ್ಕೆ ಮೂಸಿ ಹೋಗುತ್ತದೆ,
ಹತ್ತಾದರೆ ಕಾಂಡ್ಲದ ಬೇರೊಳಗೆ ಹೊಕ್ಕು ಕೂರುತ್ತದೆ
ಮದುವೆಮನೆಯಲ್ಲಿ ಮುನಿಸಿಕೊಂಡ ದೊಡ್ಡಪ್ಪನ ಹಾಗೆ.

ನಾನು ಮಣಿಪಾಲದ ಲ್ಯಾಬಿನವಳು.
ವಾರಕ್ಕೆ ಆರು ದಿನ ಗುರುತಿಲ್ಲದವರ ರಕ್ತದ ಉಪ್ಪು ಅಳೆಯುತ್ತೇನೆ:
ನೂರ ಮೂವತ್ತೆಂಟು, ನೂರ ನಲವತ್ತೊಂದು.
ನೂರ ಹದಿನಾರು ಬಂದರೆ ವಾರ್ಡಿಗೆ ಫೋನು.
ಯಂತ್ರ ತಪ್ಪುವುದಿಲ್ಲ; ತಪ್ಪಿದರೆ ಅದಕ್ಕೊಂದು ಕೆಂಪು ದೀಪ ಇದೆ.
ಇವರು ನನ್ನನ್ನು ಡಾಕ್ಟ್ರೇ ಅನ್ನುತ್ತಾರೆ.
ಮೂರು ಸಲ ತಿದ್ದಿದೆ. ಬಿಟ್ಟೆ.

ಬೊಂತೆಲ್ ತಿಂಗಳು.
ಮಳೆಗಾಲ ಮುಗಿದ ಸುದ್ದಿ ಆಕಾಶಕ್ಕಿನ್ನೂ ತಲುಪಿಲ್ಲ.
ತೂಗುಸೇತುವೆಯ ಕೆಳಗೆ ಭರತಕ್ಕೆ ಕಾದೆವು.
ಬಕೆಟ್ಟಿನ ಎಟ್ಟಿಗಳು ಕುಪ್ಪಳಿಸಿ ಕುಪ್ಪಳಿಸಿ ಸುಸ್ತಾದವು.
ಅಂಗೈಯಷ್ಟು ಒಂದು ಇರ್ಪೆ ಬಂತು.
ಕೊಕ್ಕೆ ಬಿಡಿಸಿ, ಶಾಲೆ ತಪ್ಪಿಸಿದ ಹುಡುಗನನ್ನು ಗದರಿದಂತೆ
ತುಳುವಿನಲ್ಲಿ ಗದರಿ ನೀರಿಗೆ ಬಿಟ್ಟರು.

ಏಳೂವರೆಗೆ ಚಹಾ ಬಣ್ಣದ ಹೊಳೆ ಇಟ್ಟಿಗೆಗೆ ತಿರುಗಿತು.
ಸೀತಾನದಿ ರಾತ್ರಿಯ ಮಣ್ಣು ಹೊತ್ತು ಇಳಿದಿದೆ.
ಬೆರಳು. ನಾಲಿಗೆ. "ಒಂದೂವರೆ."
ಒಂದೂವರೆ ಆಣೆಗೆ ಬೆಂಕಿಕಡ್ಡಿಯೂ ಸಿಗಲಿಕ್ಕಿಲ್ಲ.
ನಾನು ರಾಡು ಮಡಚತೊಡಗಿದೆ.

ಅವರು ಜಲ್ಲೆ ಊರಿ ಪಡುಕುದ್ರುವಿನ ಹಿಂದಕ್ಕೆ ನೂಕಿದರು.
"ಸಿಹಿನೀರು ಹಗುರ ಮಾರಾಯ್ರೆ, ಮೇಲಿಂದ ಹೋಗ್ತದೆ
ದೊಡ್ಡಸ್ತಿಕೆಯವರ ಮೆರವಣಿಗೆ ಹಾಗೆ.
ಉಪ್ಪು ಭಾರ. ಅಡಿಯಿಂದ ನುಸುಳಿ ಬರ್ತದೆ.
ನೀವು ನೋಡುವುದು ಒಂದು ಹೊಳೆ, ಇರುವುದು ಎರಡು."

ಸೋಡಾ ಬಾಟಲಿಗೆ ಸೀಸ ಕಟ್ಟಿ, ಹಗ್ಗ ಕಟ್ಟಿ
ಎರಡು ಮಾರು ಇಳಿಸಿ, ಬಿರಡೆಯ ದಾರ ಜಗ್ಗಿ
ತುಂಬಿಸಿ ಮೇಲೆ ತಂದು ನನ್ನ ಕೈಗೆ ಕೊಟ್ಟರು:
"ಈಗ ನೀವು."

ಇಲ್ಲಿ ಏನನ್ನೂ ಬಾಯಿಗೆ ಹಾಕಬೇಡಿ ಎಂಬ ಬೋರ್ಡಿನ ಕೆಳಗೆ
ಹದಿನಾಲ್ಕು ವರ್ಷ ದುಡಿದವಳು, ಕುಡಿದೆ.
ಕೆಸರು. ಕೊಳೆತ ಎಲೆ. ಡೀಸೆಲ್.
ತುಂಬ ತಡವಾಗಿ, ಹಲ್ಲಿನ ಹಿಂದೆ, ಉಪ್ಪು.
"ಆರು?" ಅಂದೆ.
"ಎಂಟು" ಅಂದರು, ರುಚಿ ನೋಡದೆಯೇ.

ಭಾರ ಹೆಚ್ಚಿಸಿ ಆಳಕ್ಕೆ ಬಿಟ್ಟೆವು.
ರೀಲು ಹಳೇ ಬಸ್ಸಿನ ಬ್ರೇಕಿನಂತೆ ಕಿರುಚಿತು.
ಕೊಡಿ, ಕೊಡಿ, ಈಗ ಕೊಡಬೇಡಿ, ಅಯ್ಯೋ ಕೊಡಬೇಡಿ ಅಂದೆನಲ್ಲ!
ಕಾಂಡ್ಲದ ಕಡೆಗೆ ಒಂದೇ ಓಟ.
ಬೇರಿಗಂಟಿದ ಚಿಪ್ಪು ದಾರ ಕೊಯ್ದಿತು.
ತುಂಡಾದ ತುದಿಯನ್ನು ಬೆರಳಲ್ಲಿ ಹೊಸೆದು
"ಮೂರು ಕಿಲೋ" ಅಂದರು. ನಗಲಿಲ್ಲ.

ವಾಪಸು ಬಂದಾಗ ಅವರ ಮನೆಯಲ್ಲಿ ಗಂಜಿ, ಒಣಮೀನಿನ ಚಟ್ನಿ.
ಶೀನಣ್ಣ ಕೈ ತೊಳೆಯಲು ಬಾವಿಕಟ್ಟೆಗೆ ಹೋದರು.
ಅಪ್ಪಿಯಕ್ಕ ಉಪ್ಪಿನ ಭರಣಿಯನ್ನು ಕಪಾಟಿಗೆ ಎತ್ತಿಡುತ್ತ
ಹವಾಮಾನ ಹೇಳುವ ದನಿಯಲ್ಲಿ ಹೇಳಿದರು:
"ಆ ಜ್ವರ ಬಂದು ಹೋದಮೇಲೆ ಇವರಿಗೆ ರುಚಿಯೇ ಗೊತ್ತಾಗುವುದಿಲ್ಲ.
ಎರಡು ವರ್ಷ ಆಯ್ತು. ಬಿಟ್ಟರೆ ಹಿಡಿ ಹಿಡಿ ಸುರ್ಕೊಳ್ತಾರೆ.
ಬಿಪಿ ಬೇರೆ ಉಂಟು."

ನಾನು ಗಂಜಿ ಕುಡಿದೆ. ಉಪ್ಪು ಸರಿಯಾಗಿತ್ತು.

ಮುಂದಿನ ಭಾನುವಾರ, ಅದೇ ದಕ್ಕೆ.
ಈ ಸಲ ಅವರ ಬೆರಳಲ್ಲ, ಕಣ್ಣು ನೋಡಿದೆ:
ಕಂಬದ ಮೇಲೆ ಒದ್ದೆಯ ಗೆರೆ ಎಲ್ಲಿಗೆ ಬಂದಿದೆ,
ಬೆಳ್ಳಕ್ಕಿ ಯಾವ ದಂಡೆಯಲ್ಲಿ ನಿಂತಿದೆ,
ನೊರೆ ಯಾವ ಕಡೆಗೆ ತಿರುಗುತ್ತಿದೆ.
ಬೆರಳು ನಾಲಿಗೆ ತಲುಪುವ ಮೊದಲೇ
ಬೊಗಸೆ ತುಂಬಿ, ಒಂದು ಗುಟುಕು ಹೀರಿ, ಉಗಿದು
"ಐದು" ಅಂದೆ.

ಬೆರಳು ಗಾಳಿಯಲ್ಲೇ ನಿಂತಿತು.
ತುದಿಯ ಹನಿ ಅವರ ಲುಂಗಿಯ ಮೇಲೆ ಬಿತ್ತು.
"ಏಳು" ಅಂದರು ಶೀನಣ್ಣ,
ಜಲ್ಲೆ ಎತ್ತಿಕೊಂಡರು.